ಹುಲಗಪ್ಪನ ಕೋಟಿನ ಹೂ

ಗದಗಿನ ಮುಳಗುಂದ ನಾಕಾದ ಹತ್ತಿರ, ಬಸ್ಸುಗಳು ಹೊರಳುವ ಮೂಲೆಗೆ ಅಲ್ಮಾಸಬಿಯ ಹೂವಿನ ಅಂಗಡಿ ಇತ್ತು. ಅಂಗಡಿ ಅಂದರೆ ಕಲ್ಲಿನ ಮೇಲೆ ಊರಿದ ಒಂದು ಅಗಲ ಹಲಗೆ, ನೆತ್ತಿಗೆ ತಗಡು, ಬೆನ್ನಿಗೆ ಅಲ್ಲಾಉದ್ದೀನ ಟೇಲರನ ಅಂಗಡಿಯ ಗೋಡೆ. ಮೊದಲು ಅಲ್ಲಿ ಕೂಡುತ್ತಿದ್ದವನು ಅವಳ ಗಂಡ ಕರೀಮಸಾಬ. ಅವನಿಗೆ ದಮ್ಮು ಹತ್ತಿ, ಓಣಿ ದಾಟುವುದರೊಳಗೆ ಗೋಡೆ ಹಿಡಿದು ನಿಲ್ಲುವಂತಾದ ಮೇಲೆ ಅವಳೇ ಬೆಟಗೇರಿಯ ಮನೆಯಿಂದ ಬುಟ್ಟಿ ಹೊತ್ತು ಬಂದು ಆ ಹಲಗೆಯ ಮೇಲೆ ಕುಂತಳು. ಜನ ಸ್ವಲ್ಪ ದಿನ ಬರೀ ನೋಡಿದರು, ಆಮೇಲೆ ಹೂ ಕೊಳ್ಳತೊಡಗಿದರು.

ಅವಳ ತವರು ಲಕ್ಷ್ಮೇಶ್ವರ. ದರ್ಗಾಕ್ಕೆ ಹೂವಿನ ಚಾದರ ಕಟ್ಟುವ ಮನೆತನ. ಹೂವಿನ ದೇಟು ಮುಟ್ಟಿದರೆ ಸಾಕು, ಅದು ಇವತ್ತು ಕೊಯ್ದದ್ದೋ ನಿನ್ನೆಯದೋ ಅಂತ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಆದರೆ ಅವಳ ಹೆಸರು ನಾಲ್ಕು ಊರಿಗೆ ಮುಟ್ಟಿದ್ದು ಚಾದರದಿಂದಲ್ಲ, ಮಾಲೆಯಿಂದಲೂ ಅಲ್ಲ. ಕೋಟಿನ ಹೂವಿನಿಂದ.

ಎಪ್ಪತ್ತರ ದಶಕದ ನಡುವೆ ಈ ಕಡೆಯ ಮದುಮಕ್ಕಳಿಗೆ ಕೋಟಿನ ಹುಚ್ಚು ಹಿಡಿಯಿತು. ಅಪ್ಪ ರುಮಾಲು ಸುತ್ತಿ ಮದುವೆಯಾದರೆ, ಮಗ ಟೆರಿಕಾಟಿನ ಕೋಟು ಬೇಕೆಂದು ಹಟ ಹಿಡಿಯುತ್ತಿದ್ದ. ಅಲ್ಲಾಉದ್ದೀನನಿಗೆ ಕೈತುಂಬ ಕೆಲಸ. ಒಂದು ದಿನ ಅವನು ಹೊಸ ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಬಂದು, ಎಡಗಡೆಯ ಕಾಲರಿನ ಮೇಲೆ ಹೊಲಿದ ಕಾಜಾ ತೋರಿಸಿದ.

"ಭಾಬಿ, ಈ ಕಾಜಾಕ್ಕ ಗುಂಡಿ ಎಲ್ಲೈತಿ ಅಂತ ಹುಡುಗ ತಕರಾರು ತಗದಾನ. ಇದು ಗುಂಡಿದಲ್ಲ, ಹೂವಿಂದು ಅಂತ ಹೇಳೇನಿ. ಇದರಾಗ ಒಂದು ಹೂ ಕುಂಡ್ರಿಸಾಕ ಬರತೈತೇನು ನಿನಗ?"

ಬರುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಬರೀ ಗುಲಾಬಿ ಸಿಗಿಸಿದರೆ ಅದು ಕುತ್ತಿಗೆ ಮುರಿದುಕೊಂಡು ಜೋತು ಬೀಳುತ್ತಿತ್ತು. ಕೆಡಿಸಿ ಕೆಡಿಸಿ ಕಲಿತಳು. ಅರ್ಧ ಅರಳಿದ ಗುಲಾಬಿಯ ಹೊರಗಿನ ಸುಕ್ಕು ಎಸಳು ತೆಗೆಯುವುದು; ಹೂವಿನ ಬುಡದಲ್ಲಿ ಸಣ್ಣ ತಂತಿ ಹಾಯಿಸಿ, ಎರಡೂ ತುದಿ ಕೆಳಕ್ಕೆ ಬಾಗಿಸಿ, ಅದರ ಮೇಲೆ ಒದ್ದೆ ಬಾಳೆ ನಾರು ಬಿಗಿದು, ನಾರು ಕಾಣದಂತೆ ಹಸಿರು ದಾರ ಸುತ್ತುವುದು; ಹಿಂದೆ ಮರುಗದ ಒಂದು ಕುಡಿ, ಮಗ್ಗುಲಿಗೆ ಸುಗಂಧಿಯ ಎರಡು ಮೊಗ್ಗು, ಕೊರಳಿಗೆ ಒಂದೆಳೆ ಜರಿ. ಅದನ್ನು ಎದೆಗೆ ಹಚ್ಚಿದರೆ ಮದುಮಗ ಬಿಸಿಲಲ್ಲಿ ಮೆರವಣಿಗೆ ಮುಗಿಸಿ, ಊಟಕ್ಕೆ ಕೂಡುವ ತನಕ ಹೂ ತಲೆ ಬಾಗಿಸುತ್ತಿರಲಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ಮಂದಿ ಹುಡುಕಿಕೊಂಡು ಬಂದರು.

ಕಟ್ಟುವಾಗ ಮಾತಾಡುವುದು ಅವಳ ಚಟ. ಮದುಮಗನ ಹೆಸರು ಕೇಳುವಳು, ಕೋಟಿನ ಬಣ್ಣ ಕೇಳುವಳು, ಆಮೇಲೆ ಚೇಷ್ಟೆ ಶುರು. ಮುಖ ಗಂಟಿಕ್ಕಿಕೊಂಡು ಕಟ್ಟಿದ ಹೂ ಜಲ್ದಿ ಬಾಡುತ್ತದೆ ಅಂತ ಅವಳ ತಾಯಿ ಹೇಳುತ್ತಿದ್ದಳು. ಅದನ್ನು ಅವಳು ನಂಬಿದ್ದಳು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಮದುವೆಗಳ ಭರಾಟೆ. ಬೆಳಗ್ಗೆ ಹಲಗೆಯ ಮುಂದೆ ನೂಕುನುಗ್ಗಲು. ಅದರ ನಡುವೆ ಬಿಳಿ ಧೋತರದ ಹಿರಿಯನೊಬ್ಬ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಎಲ್ಲರೂ ಹೋದ ಮೇಲೆ ಮುಂದೆ ಬಂದ.

"ಕೋಟಿನ ಹೂ ಬೇಕಾಗಿತ್ತವ್ವಾ."

"ಬರ್ರಿ ಯಜಮಾನ್ರ. ಮದುಮಗನ ಹೆಸರೇನು?"

"ಹುಲಗಪ್ಪ."

"ನಿಮಗೇನಾಗಬೇಕು?"

"ನನ್ನ ಅಕ್ಕನ ಮಗ."

"ಕೋಟು ಯಾವ ಬಣ್ಣ?"

"ಮಣ್ಣಿನ ಬಣ್ಣ."

"ಹಂಗಾದ್ರ ಕೆಂಪು ಗುಲಾಬಿನಽ ಬೇಕು. ಬೀಗರು ಎಲ್ಲಿಯವ್ರು?"

"ಹಮ್ಮಿಗಿಯವ್ರು ಇದ್ರು."

ಅಲ್ಮಾಸಬಿ ತಂತಿ ಬಾಗಿಸುತ್ತ ನಕ್ಕಳು. "ಯಾಕ್ರಿ, ಮಾವ ಆದವ್ರು ಹಿಂಗ ಸಪ್ಪಗ ನಿಂತೀರಿ? ಇದನ್ನ ಹಚ್ಚಿ ನೋಡ್ರಿ, ಹಮ್ಮಿಗಿ ಹುಡುಗಿ ಕಣ್ಣು ಕೀಳಂಗಿಲ್ಲ. ನನ್ನದೊಂದು ಮಾತು ಹೇಳ್ರಿ ನಿಮ್ಮ ಹುಲಗಪ್ಪಗ. ಈ ಹೂ ಬಾಡೂದರಾಗ ಅವಾ ಎರಡು ಸಲ ನಗಬೇಕು. ಒಮ್ಮೆ ಹೆಂಡತಿ ಕಡೆ ನೋಡಿ, ಒಮ್ಮೆ ಹಡದಾಕಿ ಕಡೆ ನೋಡಿ. ಗಪ್ಪ ಇದ್ದಾ ಅಂದ್ರ ನಾನಽ ಊರಿಗೆ ಬಂದು ಹೂ ಕಿತ್ತುಕೊಂಡು ಹೋಗತೀನಿ!"

ಮುದುಕ ಅವಳನ್ನೇ ನೋಡುತ್ತ ನಿಂತ. ಹೂವನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಅವನ ಅಂಗೈಯಲ್ಲಿ ಇಟ್ಟಾಗ, "ಹೇಳತೀನವ್ವಾ" ಅಂದ. ಅಷ್ಟೇ. ರಸ್ತೆಯಾಚೆ ನಿಂತ ಟೆಂಪೋ ಹತ್ತಿ ಹೋದ. ಟೆಂಪೋದ ಹಿಂದುಗಡೆ ತಾಡಪತ್ರಿ ಇಳಿಬಿಟ್ಟಿದ್ದರು.

ಮಧ್ಯಾಹ್ನ ಅಲ್ಲಾಉದ್ದೀನ ಬಂದು ಹಲಗೆಯ ಅಂಚಿಗೆ ಕುಂತ. ಅವನ ಕೊರಳಲ್ಲಿ ಅಳತೆ ಪಟ್ಟಿ ಇರಲಿಲ್ಲ. ಬೆಳಗ್ಗೆಯಿಂದ ಅವನು ಮಷೀನ್ ಮುಟ್ಟಿರಲಿಲ್ಲ.

"ಭಾಬಿ, ಮುಂಜಾನಿ ಬಂದಿದ್ನಲ್ಲ, ಹೇಮಪ್ಪ ಅಂತ. ಸಿಂಗಟಾಲೂರಿನವ್ರು. ಆ ಕೋಟು ನಾನಽ ಹೊಲದದ್ದು. ಪೂರಾ ಆಗಿದ್ದಿಲ್ಲ. ಗುಂಡಿ ಹಚ್ಚೂದು ಇನ್ನೂ ಇತ್ತು. ಹಂಗಽ ಕೊಡು ಅಂದ್ರು, ಕೊಟ್ಟೆ."

"ಯಾಕ, ಮದುವಿ ಇವತ್ತಽ ಏನು?"

"ಮದುವಿ ಬರೂ ತಿಂಗಳಿತ್ತು. ಹುಡುಗಗ ಕಾಮಣಿ ಆಗಿ, ಕಣ್ಣು ಮೈ ಹಳದಿ ತಿರುಗಿ, ಇಲ್ಲೇ ದವಾಖಾನಿಗೆ ತಂದಿದ್ರು. ನಸುಕಿನ್ಯಾಗ ತೀರಿಕೊಂಡ."

ಅಲ್ಮಾಸಬಿಯ ಕೈಯಲ್ಲಿದ್ದ ದಾರದುಂಡಿ ಮಡಿಲಿಗೆ ಬಿತ್ತು. ಅಲ್ಲಾಉದ್ದೀನ ಮುಂದಿನದನ್ನು ನೆಲ ನೋಡುತ್ತ ಹೇಳಿದ. ಮದುವೆಯಾಗದೆ ಸತ್ತವನನ್ನು ಹಂಗೇ ಮಣ್ಣು ಮಾಡುವುದಿಲ್ಲವಂತೆ ಅವರಲ್ಲಿ. ಮದುಮಗನ ಹಾಗೆ ಸಿಂಗಾರ ಮಾಡಿ, ಎಕ್ಕಿ ಗಿಡಕ್ಕೆ ಲಗ್ನ ಮಾಡಿಸಿ, ಆಮೇಲೆ ಮಣ್ಣು. ಅದಕ್ಕೇ ಕೋಟು, ಅದಕ್ಕೇ ಹೂ. ಹುಡುಗ ತಾಡಪತ್ರಿಯ ಒಳಗೇ ಇದ್ದ.

"ನೀ ಮೊದಲಽ ಯಾಕ ಹೇಳ್ಲಿಲ್ಲ?" ಅಂದಳು.

"ನಿನ್ನ ಮಾತು ಗೋಡಿ ಆಚೆ ಕೇಳಿಸ್ತಿತ್ತು. ಹೇಳೂಣು ಅಂತ ಎದ್ದು ಬಂದೆ. ಅವಾ ನೀ ಹೇಳೂದನ್ನ ಕೇಳಕೋತ ನಿಂತಿದ್ದ. ಹೆಂಗ ಬಾಯಿ ಹಾಕಲಿ?"

'ಹಮ್ಮಿಗಿಯವ್ರು ಇದ್ರು' ಅಂತ ಹೇಮಪ್ಪ ಅಂದದ್ದು ಆಗ ಅವಳಿಗೆ ಸರಿಯಾಗಿ ಕೇಳಿಸಿತು.

ವಾರದ ಮೇಲೆ ಅವನು ಬಂದ. ಮಟಮಟ ಮಧ್ಯಾಹ್ನ, ಬಿಸಿಲಿಗೆ ರಸ್ತೆಯ ಡಾಂಬರು ಕರಗುವ ಹೊತ್ತು. ಅಲ್ಮಾಸಬಿ ಗಂಟು ಬಿಗಿದು ಕತ್ತೆತ್ತಿದರೆ, ಬಸ್ಸು ಹೊರಳುವ ಮೂಲೆಯಲ್ಲಿ ಮಣ್ಣು ಬಣ್ಣದ ಕೋಟು ತೊಟ್ಟ ತೆಳ್ಳನೆಯ ಹುಡುಗ ನಿಂತಿದ್ದ. ಆರ್ಡರು ಕೊಟ್ಟವರು ತಮ್ಮ ಸರದಿಗೆ ಕಾಯುವಂತೆ ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಕೋಟಿನ ಎದೆ ತೆರೆದಿತ್ತು, ಗುಂಡಿಗಳಿರಲಿಲ್ಲ. ಮುಖ ಮಾತ್ರ ಬಿಸಿಲಿನ ಝಳದಲ್ಲಿ ಅಲುಗಿದಂತಾಗಿ ಗೊತ್ತಾಗಲಿಲ್ಲ. ಒಂದು ಬಸ್ಸು ಅಡ್ಡ ಹಾಯ್ದು ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಕಣ್ಣಿನ ಭ್ರಮೆ ಅಂದುಕೊಂಡಳು. ಅವನು ಮತ್ತೆ ಬಂದ. ಒಂದೊಂದು ವಾರ ಬರುತ್ತಿರಲಿಲ್ಲ, ಒಂದೊಂದು ವಾರ ದಿನಾ ಬರುತ್ತಿದ್ದ. ಹಗಲು ಹೊತ್ತಿನಲ್ಲಿ, ಸಂತೆ ಮಂದಿಯ ನಡುವೆ, ಯಾರೂ ಅವನಿಗೆ ಹಾಯದಂತೆ ಆ ಜಾಗ ಮಾತ್ರ ಖಾಲಿ ಉಳಿಯುತ್ತಿತ್ತು. ಬಂದದ್ದು ಅವಳಿಗೆ ನೋಡದೆಯೂ ತಿಳಿಯುತ್ತಿತ್ತು. ಬೆರಳುಗಳು ತಾವಾಗಿಯೇ ಕಟ್ಟುವುದನ್ನು ನಿಲ್ಲಿಸುತ್ತಿದ್ದವು.

ಅವಳ ಮಾತು ನಿಂತಿತು. ಮದುಮಗನ ಹೆಸರು ಕೇಳುವುದನ್ನು ಬಿಟ್ಟಳು. ಕರೀಮಸಾಬ ಹೆಂಡತಿಯನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋಗಿ ದರ್ಗಾದಲ್ಲಿ ತಾಯಿತ ಕಟ್ಟಿಸಿಕೊಂಡು ಬಂದ. ಉಸಿರು ಹಿಡಿಯುತ್ತ, ಕೆಮ್ಮುತ್ತ, "ಸತ್ತವ್ರು ಯಾರಿಗೂ ಕೆಟ್ಟದ್ದು ಮಾಡಾಕ ಬರೂದಿಲ್ಲ, ಏನೋ ಕೇಳಾಕ ಬರತಾರ. ಏನು ಬೇಕು ಅಂತ ಕೇಳು" ಅಂದ. ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಮುಂದಿನ ವರ್ಷ ಶಿರಹಟ್ಟಿಯಲ್ಲಿ ಅರಿವೆ ವ್ಯಾಪಾರಿ ಚನ್ನಬಸವಣ್ಣನವರ ಮಗನ ಮದುವೆ. ದೊಡ್ಡ ಮನೆತನ. ಮದುಮಗನಿಗೂ ಅವನ ಗೆಳೆಯರಿಗೂ ಎಲ್ಲರಿಗೂ ಹೂ ಬೇಕು, ಅಲ್ಮಾಸಬಿಯೇ ಬಂದು ಹಚ್ಚಬೇಕು ಅಂತ ಕಾರು ಕಳಿಸಿದ್ದರು. ಹಂದರದ ತುಂಬ ಮಂದಿ. ಮದುಮಗನ ಕೋಟು ನೀಲಿ, ಅದಕ್ಕೆ ಹೊಳೆಯುವ ಗುಂಡಿಗಳು. ಅವಳು ಪಿನ್ನು ಬಾಯಲ್ಲಿ ಹಿಡಿದು ಕಾಲರಿಗೆ ಕೈ ಹಾಕಿದಳು. ಬೆರಳಿಗೆ ಬಟ್ಟೆ ತಣ್ಣಗೆ ತಾಗಿತು. ಗುಂಡಿ ಇರಬೇಕಾದ ಕಡೆ ಗುರುತಿಗೆ ಹಾಕಿದ ಬಿಳಿ ದಾರದ ತುದಿ ಸಿಕ್ಕಿತು. ಎದೆ ಏರಿಳಿಯುತ್ತಿರಲಿಲ್ಲ.

"ಹುಲಗಪ್ಪಾ..." ಅಂದುಬಿಟ್ಟಳು.

ಮದುಮಗ ಬೆಚ್ಚಿ ನೋಡಿದ. ಅವನ ತಾಯಿ ಮಗ್ಗುಲಲ್ಲೇ ನಿಂತಿದ್ದಳು. "ಯಾರು ಹುಲಗಪ್ಪ? ನನ್ನ ಮಗನ್ನ ಯಾರ ಹೆಸರಿಲೆ ಕರಿಯಾಕತ್ತಿ?"

ಸುಳ್ಳೊಂದು ಹೇಳಬಹುದಿತ್ತು. ಅವಳ ನಾಲಗೆಗೆ ಹೊಳೆಯಲಿಲ್ಲ. "ಅವಾ... ಸತ್ತಾನ್ರಿ."

ಆಮೇಲೆ ಹಂದರದಲ್ಲಿ ಆದ ಗದ್ದಲ ಹೇಳುವಂಥದ್ದಲ್ಲ. ಹೂಗಳನ್ನೆಲ್ಲ ಹೊರಗೆ ಬಿಸಾಕಿಸಿದರು. ಚನ್ನಬಸವಣ್ಣನವರು ಕೈ ಮಾಡಗೊಡಲಿಲ್ಲ ಅನ್ನುವುದೊಂದೇ ಪುಣ್ಯ. ಅವಳು ಬಸ್ಸು ಹಿಡಿದು ಗದಗಿಗೆ ಬರುವುದರೊಳಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಹೂವಿನ ಅಲ್ಮಾಸಬಿಗೆ ಗಾಳಿ ಬಡದೈತಿ ಅಂತ ಮಂದಿ ಆಡಿಕೊಂಡರು. ಕೋಟಿನ ಹೂ ಕೇಳುವವರು ಇಲ್ಲವಾದರು. ಗುಡಿಗೆ, ದರ್ಗಾಕ್ಕೆ, ಮುಡಿಗೆ ಮೊಳ ಹಾಕಿ ಕೊಟ್ಟು ದಿನ ನೂಕಿದಳು. ಮೂಲೆಯಲ್ಲಿ ಅವನು ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಹೀಗೆ ಎರಡು ಬೇಸಿಗೆ ಕಳೆದವು. ಒಂದು ದಿನ ಬೆಳಗ್ಗೆ ಯಾರಿಗೂ ಹೇಳದೆ ಬುರ್ಖಾ ಹಾಕಿಕೊಂಡು ಮುಂಡರಗಿಯ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು, ಸಿಂಗಟಾಲೂರಿಗೆ.

ತುಂಗಭದ್ರೆ ಚಳಿಗಾಲಕ್ಕೆ ಇಳಿದು ಬಂಡೆಗಳು ಎದ್ದಿದ್ದವು. ಹೇಮಪ್ಪನ ಮನೆ ಕೇಳಿದಳು. ಅವನು ಅವಳನ್ನು ಒಂದೇ ನೋಟಕ್ಕೆ ಗುರುತು ಹಿಡಿದ. ಯಾಕೆ ಬಂದೆ ಅಂತ ಕೇಳಲಿಲ್ಲ. ಮುಂದೆ ಮುಂದೆ ನಡೆದು, ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸಿನ ಎದುರು ನಿಲ್ಲಿಸಿದ.

"ಅಕ್ಕಾ, ಗದಗಿನ ಹೂವಿನಾಕಿ ಬಂದಾಳ."

ಹುಲಗಪ್ಪನ ತಾಯಿ ಹನಮಂತವ್ವ. ಗಟ್ಟಿ ಎಲುಬಿನ ಹೆಂಗಸು. ಮೆಣಸಿನಕಾಯಿ ಹರವುವುದನ್ನು ಬಿಡದೆಯೇ ತಲೆಯೆತ್ತಿ ನೋಡಿದಳು.

"ನೀನಽ ಏನು? ಎರಡು ಸಲ ನಗಬೇಕು ಅಂತ ಹೇಳಿ ಕಳಿಸಿದಾಕಿ?"

ಅಲ್ಮಾಸಬಿ ಹೇಮಪ್ಪನ ಕಡೆ ತಿರುಗಿದಳು. ಅವನು ಗಂಟಲು ಸರಿಮಾಡಿಕೊಂಡ. "ಹೇಳತೀನಿ ಅಂತ ನಿನಗ ಮಾತು ಕೊಟ್ಟಿದ್ನಲ್ಲವ್ವಾ. ಹೂ ಹಚ್ಚೂಮುಂದ ಅವನ ಕಿವ್ಯಾಗ ಹೇಳಿದೆ. ಜೋರಾಗಿ ಅಂದೆ ಅಂತ ಕಾಣತೈತಿ. ಎಲ್ಲಾರಿಗೂ ಕೇಳಿಸ್ತು."

"ನನಗೂ ಕೇಳಿಸ್ತು," ಅಂದಳು ಹನಮಂತವ್ವ. "ಎಕ್ಕಿ ಗಿಡದ ಮುಂದ ಕುಂಡ್ರಿಸಿದ್ರು. ಅಕ್ಕಿ ಕಾಳು ಹಾಕಿದ್ರು. ಮಂದಿ ಅಳಾಕತ್ತಿತ್ತು. ನಾ ಅಳಲಿಲ್ಲ. ಅವನ ಬಾಯಿ ನೋಡಕೋತ ಕುಂತಿದ್ದೆ. ಹಡದಾಕಿ ಕಡೆ ನೋಡಿ ಒಮ್ಮೆ ನಗತಾನ ಅಂದಿದ್ಯಲ್ಲ ನೀ. ಕುಣ್ಯಾಗ ಇಳಸೂತನಕಾ ನೋಡಿದೆ." ಅವಳ ಕೈ ಈಗ ನಿಂತಿತು. "ನಗಲಿಲ್ಲ."

ಅಲ್ಮಾಸಬಿ ಅವಳ ಎದುರು ಮಣ್ಣಿನಲ್ಲೇ ಕುಂತಳು. "ನನಗ ಗೊತ್ತಿದ್ದಿಲ್ಲವ್ವಾ. ಅಲ್ಲಾನ ಆಣಿ, ಗೊತ್ತಿದ್ದಿಲ್ಲ."

"ಗೊತ್ತಿದ್ದಿಲ್ಲ ಅನ್ನೂದು ನನಗೂ ಗೊತ್ತೈತಿ. ಆದ್ರೂ ಸಿಟ್ಟಿತ್ತು ನಿನ್ನ ಮ್ಯಾಲ. ಇನ್ನೂ ಐತಿ. ಅವತ್ತು ಎಲ್ಲಾರೂ ಹೆಣ ಅಂದ್ರು. ದವಾಖಾನ್ಯಾಗ ಅಂದ್ರು, ಟೆಂಪೋದವ ಅಂದ, ನಮ್ಮ ಓಣ್ಯಾಗ ಅಂದ್ರು. ಮದುಮಗ ಅಂದಾಕಿ ನೀ ಒಬ್ಬಾಕಿ. ಆ ಸಿಟ್ಟು ಎಲ್ಲಿ ಇಡಬೇಕು ಅಂತ ತಿಳಿವಲ್ತು."

ಆಗ ಅಲ್ಮಾಸಬಿ ಬಂದ ಕಾರಣ ಹೇಳಿದಳು. ಮೂಲೆಯ ಹುಡುಗ, ಗುಂಡಿಯಿಲ್ಲದ ಕೋಟು, ಶಿರಹಟ್ಟಿಯ ಹಂದರ, ಎಲ್ಲಾ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡಿದ್ದಳು. ಹನಮಂತವ್ವ ಮೆಣಸಿನಕಾಯಿ ದಾಟಿ ಅವಳ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಂತಳು. ಅವಳ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚು.

"ನಿನ್ನ ಕಡೆ ಬರತಾನ? ನನ್ನ ಕಡೆ ಒಮ್ಮೆನೂ ಬಂದಿಲ್ಲ. ಕನಸಿನ್ಯಾಗನೂ ಬಂದಿಲ್ಲ. ಒಂಬತ್ತು ತಿಂಗಳು ಹೊತ್ತಾಕಿ ನಾನು." ಆಮೇಲೆ, ದನಿ ತಗ್ಗಿಸಿ, "ಹೆಂಗ ಕಾಣತಾನ? ಕೋಟು ಭುಜಕ್ಕ ಬರೋಬ್ಬರಿ ಕುಂತೈತೇನು?"

"ಕುಂತೈತಿ. ಮುಖ ಮಾತ್ರ ನನಗ ಕಾಣೂದಿಲ್ಲ."

ಹನಮಂತವ್ವ ಮುಖ ಹೇಳಿದಳು. ಎಡಹುಬ್ಬಿನ ಮೇಲೆ ಗಾಯದ ಕಲೆ, ಮರಕೋತಿ ಆಡುವಾಗ ಬಿದ್ದದ್ದು. ಮುಂದಿನ ಹಲ್ಲುಗಳ ನಡುವೆ ಸಂದಿ. ನಗುವಾಗ ಅದನ್ನು ಮುಚ್ಚಲು ತುಟಿ ಬಿಗಿಹಿಡಿಯುವುದು. ಹೇಳುತ್ತ ಹೇಳುತ್ತ ಸಂಜೆಯಾಯಿತು. ಅವತ್ತು ಅಲ್ಮಾಸಬಿ ಅಲ್ಲೇ ಉಳಿದಳು. ಮರುದಿನ ಗದಗಿನ ಬಸ್ಸಿಗೆ ಇಬ್ಬರೂ ಹತ್ತಿದರು.

ಮುಳಗುಂದ ನಾಕಾದ ಹಲಗೆಯ ಮೇಲೆ ಹನಮಂತವ್ವ ಮೂರು ದಿನ ಕುಂತು ಮೂಲೆ ನೋಡಿದಳು. ಅವಳಿಗೆ ಬಸ್ಸು ಕಂಡವು, ಎತ್ತಿನ ಗಾಡಿ ಕಂಡವು, ಮಗ ಕಾಣಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅಲ್ಮಾಸಬಿಯ ಬೆರಳು ನಿಂತವು.

"ಬಂದಾನ," ಅಂದಳು.

ಹನಮಂತವ್ವ ಸೆರಗು ಸರಿಮಾಡಿಕೊಂಡಳು. ಬೀಗರ ಮನೆಯಲ್ಲಿ ಕುಂತವಳಂತೆ ನೆಟ್ಟಗಾಗಿ, ಖಾಲಿ ಮೂಲೆಯ ಕಡೆ ನೋಡಿ ಕೇಳಿದಳು: "ಉಂಡೇನಪಾ?"

ಬಸ್ಸೊಂದು ಹಾರ್ನು ಹೊಡೆಯುತ್ತ ಹೊರಳಿತು. ಅಲ್ಮಾಸಬಿಗೆ ಮೊದಲ ಸಲ ಆ ಹುಬ್ಬಿನ ಮೇಲಿನ ಕಲೆ ಕಂಡಿತು.

ಅಂದಿನಿಂದ ಹನಮಂತವ್ವ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಗದಗಿಗೆ ಬಂದು ಬೆಟಗೇರಿಯ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದಳು. ತನ್ನ ರೊಟ್ಟಿ ತಾನೇ ಬಡಿದುಕೊಳ್ಳುವಳು, ಕರೀಮಸಾಬನಿಗೂ ಎರಡು ಬಡಿಯುವಳು. ಹಗಲೆಲ್ಲ ಹಲಗೆಯ ಮೇಲೆ ಕುಂತು ಬಾಳೆ ನಾರು ಸೀಳಿ ಕೊಡುವಳು. ಕೋಟಿನ ಹೂವನ್ನು ಮತ್ತೆ ಶುರು ಮಾಡಿಸಿದವಳೂ ಅವಳೇ. ಯಾರಾದರೂ ಬಂದು ಕೋಟಿನ ಹೂ ಅಂದರೆ ಅಲ್ಮಾಸಬಿ ತಂತಿ ಮುಟ್ಟುವ ಮೊದಲೇ ಇವಳು ದೊಡ್ಡ ದನಿಯಲ್ಲಿ ಕೇಳುತ್ತಿದ್ದಳು: "ಮದುವಿಗೋ, ಮಣ್ಣಿಗೋ?"

ಕೆಲವರು ಬೈದುಕೊಂಡು ಹೋದರು. ಹೋದವರು ಹೋಗಲಿ ಅಂದಳು ಹನಮಂತವ್ವ. ಆದರೆ ಮಣ್ಣಿಗೆ ಬೇಕಾದವರು ಬರತೊಡಗಿದರು. ಮದುವೆಯಾಗದ ಹುಡುಗರನ್ನು ಕಳಕೊಂಡವರು, ಹಿಂದೂಗಳೂ ಮುಸಲ್ಮಾನರೂ, ಎಲ್ಲಿ ಹೇಳಬೇಕೋ ತಿಳಿಯದೆ ನಾಚಿಕೆಪಟ್ಟುಕೊಂಡು ನಿಲ್ಲುತ್ತಿದ್ದವರು, ಇಲ್ಲಿ ಬಾಯಿಬಿಟ್ಟು ಹೇಳಿದರು. ಅಲ್ಮಾಸಬಿ ಎರಡಕ್ಕೂ ಒಂದೇ ಬಗೆಯಲ್ಲಿ ಕಟ್ಟಿದಳು. ಹೆಸರು ಕೇಳುವುದನ್ನೂ ಮತ್ತೆ ರೂಢಿಮಾಡಿಕೊಂಡಳು. ಕಟ್ಟಿ ಮುಗಿಯುವ ತನಕ ಆ ಹೆಸರು ಹಿಡಿದೇ ಮಾತಾಡುತ್ತಿದ್ದಳು. ಅವರು ಅಳುತ್ತ ಕೇಳುತ್ತಿದ್ದರು.

ನಡುನಡುವೆ "ಬಂದಾನ" ಅನ್ನುತ್ತಿದ್ದಳು. ಹನಮಂತವ್ವ ಸೆರಗು ಸರಿಮಾಡಿಕೊಂಡು, ಮನೆಯ ಸುದ್ದಿ ಹೇಳುತ್ತಿದ್ದಳು. ಎಮ್ಮೆ ಈದದ್ದು, ಹೊಳೆ ಬಂದದ್ದು, ಹಮ್ಮಿಗಿಯ ಹುಡುಗಿಗೆ ಗಂಡು ಕೂಸು ಹುಟ್ಟಿದ್ದು.

ಎಂಬತ್ತನಾಲ್ಕರ ಸುಮಾರಿಗೆ ಹುಲಗಪ್ಪ ಬರುವುದು ನಿಂತಿತು. ಯಾಕೆ ಅಂತ ಅಲ್ಮಾಸಬಿಗೆ ತಿಳಿಯಲಿಲ್ಲ. ಮೊದಲು ನಿರಾಳವೆನಿಸಿತು, ಆಮೇಲೆ ಸುಗ್ಗಿ ಮುಗಿದು, ಗಂಟು ಹಿಡಿದುಕೊಂಡು ಹನಮಂತವ್ವ ಬಸ್ಸಿನಿಂದ ಇಳಿದಾಗ, ಮುಖ ಕೊಡದೆ ಆ ಗಂಟು ಇಸಿದುಕೊಂಡು ಮುಂದೆ ನಡೆದಳು. ಒಂದು ದಿನ ತಡೆದಳು, ಎರಡು ದಿನ ತಡೆದಳು. ಮಾರನೆಯ ಮಧ್ಯಾಹ್ನ ಹೂ ಕಟ್ಟುತ್ತಲೇ, ತಲೆ ಎತ್ತದೆ, "ಬಂದಾನ" ಅಂದಳು. ಹನಮಂತವ್ವ ಖಾಲಿ ಮೂಲೆಗೆ ಎಂದಿನಂತೆ ಸುದ್ದಿ ಹೇಳಿದಳು. ಈಗ ಆ ಮೂಲೆ ಇಬ್ಬರಿಗೂ ಖಾಲಿ ಅನ್ನುವುದು ಒಬ್ಬಳಿಗೆ ಮಾತ್ರ ಗೊತ್ತಿತ್ತು. ಸತ್ತವನು ಕಾಡಿದ್ದಕ್ಕಿಂತ ಆ ಸುಳ್ಳು ಅವಳನ್ನು ಹೆಚ್ಚು ಕಾಡಿತು.

ಕರೀಮಸಾಬ ಅದೇ ವರ್ಷದ ಮಳೆಗಾಲದಲ್ಲಿ ತೀರಿಕೊಂಡ. ಮಣ್ಣಿಗೆ ಸಿಂಗಟಾಲೂರಿನಿಂದ ಹೇಮಪ್ಪನೂ ಬಂದಿದ್ದ.

ಎಂಬತ್ತಾರರಲ್ಲಿ ಹನಮಂತವ್ವ ಬರಲಿಲ್ಲ. ಹೊಟ್ಟೆಯಲ್ಲಿ ಗಂಟು, ಹಾಸಿಗೆ ಹಿಡಿದಾಳ ಅಂತ ಖಬರ ಬಂತು. ಅಲ್ಮಾಸಬಿ ಹೋದಳು. ಎಲುಬು ಮಾತ್ರ ಉಳಿದಿದ್ದ ಕೈಯಿಂದ ಹನಮಂತವ್ವ ಅವಳ ಬೆರಳುಗಳನ್ನು ಹಿಡಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿದಳು.

"ಅವಾ ಬರೂದು ಬಿಟ್ಟು ಎರಡು ವರ್ಷ ಆತು. ಹೌದಿಲ್ಲೋ?"

ಅಲ್ಮಾಸಬಿ ಇನ್ನೊಂದು ಕೈಯಿಂದ ಅವಳ ಕೌದಿ ಎಳೆದು ಹೊದಿಸಿದಳು.

"ಖರೇನ ಬಂದಾಗ ನಿನ್ನ ಬೆರಳು ನಿಲ್ತಿದ್ದು. ಆಮ್ಯಾಲಾಮ್ಯಾಲ ನೀ ಬಂದಾನ ಅಂತಿದ್ದಿ, ಬೆರಳು ಕಟಗೋತಽ ಇರತಿದ್ದು."

"ಗೊತ್ತಿದ್ದೂ ಯಾಕ ಮಾತಾಡತಿದ್ದಿ ಮತ್ತ?"

"ಹೇಳೂದು ಉಳದಿತ್ತಲ್ಲ," ಅಂದಳು ಹನಮಂತವ್ವ. ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೇನೋ ಅಂತ ಅಲ್ಮಾಸಬಿ ಕೈ ಬಿಡಿಸಿಕೊಳ್ಳಲು ನೋಡಿದರೆ ಬಿಡಲಿಲ್ಲ. "ಇನ್ನ ಮ್ಯಾಲ ನೀನಽ ಕೇಳಬೇಕು, ಮದುವಿಗೋ ಮಣ್ಣಿಗೋ ಅಂತ. ಮೆತ್ತಗ ಕೇಳಬ್ಯಾಡ. ಮೆತ್ತಗ ಕೇಳಿದ್ರ ಮಂದಿ ಸುಳ್ಳು ಹೇಳತಾರ."

ಆ ವಾರದಲ್ಲೇ ಅವಳು ಹೋದಳು. ಅಲ್ಮಾಸಬಿ ಮಣ್ಣಿಗೆ ಇದ್ದು, ಹೊಳೆಯಲ್ಲಿ ಕಾಲು ತೊಳೆದುಕೊಂಡು ಸಂಜೆಯ ಬಸ್ಸಿಗೆ ಗದಗಿಗೆ ಮರಳಿದಳು. ಮುಂಡರಗಿ ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ರಸ್ತೆಯಂಚಿನಲ್ಲಿ, ಹೊಲದ ಬದುವಿನಲ್ಲಿ ಯಾರಾದರೂ ಇಬ್ಬರು ಒಟ್ಟಿಗೆ ನಡೆಯುತ್ತಿದ್ದರೆ ಕತ್ತು ಹೊರಳಿಸಿ ಅವರ ಮುಖ ನೋಡುತ್ತಿದ್ದಳು. ಎಲ್ಲರೂ ಬದುಕಿದ್ದವರೇ ಆಗಿದ್ದರು.

ಮರುದಿನ ಮುಳಗುಂದದವರು ಇಬ್ಬರು ಕೋಟಿನ ಹೂ ಬೇಕೆಂದು ಬಂದು ನಿಂತರು. ಅಲ್ಮಾಸಬಿ ಗುಲಾಬಿ ಆರಿಸಿ ಕೈಗೆ ತೆಗೆದುಕೊಂಡು, ಗಟ್ಟಿಯಾಗಿ ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮದುವಿಗೆ ರೀ" ಅಂದರು. ಅವಳು ತಂತಿ ಬಾಗಿಸತೊಡಗಿದಳು.